ಬೀದರ್‌ನಿಂದ ಯಾರ್ಕ್‌ಗೆ: ಕಡಿಮೆ ಖರ್ಚಿನಲ್ಲಿ ಹೋಗಿ ಬರುವುದು ಹೇಗೆ

ನಮ್ಮ ಬೀದರ್‌ನ ಮಹಮೂದ್ ಗವಾನ್ ಮದರಸಾ ಕಟ್ಟಿದ್ದು 1472ರಲ್ಲಿ. ಇಂಗ್ಲೆಂಡಿನ ಯಾರ್ಕ್ ಊರಿನ ಮಿನ್‌ಸ್ಟರ್, ಅಂದರೆ ಅಲ್ಲಿನ ದೊಡ್ಡ ಚರ್ಚು, 1220ರ ಸುಮಾರಿಗೆ ಶುರುವಾಗಿ ಇನ್ನೂರೈವತ್ತು ವರ್ಷ ಕೆಲಸ ನಡೆದು, ಕಟ್ಟಿದ್ದು ಮುಗಿಯಿತು ಎಂದು ಪ್ರತಿಷ್ಠೆ ಮಾಡಿದ್ದೂ ಅದೇ 1472ರಲ್ಲಿ. ಇದನ್ನು ಓದಿದ ದಿನದಿಂದ ಆ ಊರು ನೋಡಬೇಕು ಅನ್ನೋ ಆಸೆ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಮಗಳು ಓದೋಕೆ ಲೀಡ್ಸ್‌ಗೆ ಹೋದಳು. ಅಲ್ಲಿಂದ ಯಾರ್ಕ್‌ಗೆ ರೈಲಿನಲ್ಲಿ ಅರ್ಧ ಗಂಟೆ ಅಷ್ಟೇ. ಬೇಸಿಗೆ ರಜೆ ಬಂತು, ಮೇ ತಿಂಗಳಲ್ಲಿ ನಾನು ಮತ್ತು ನಮ್ಮ ಮನೆಯವರು ಹೋಗಿ ಬಂದೆವು.

ಈಗ ನಮ್ಮ ಕಡೆ ಮಕ್ಕಳು ತುಂಬ ಜನ ಆ ದೇಶಕ್ಕೆ ಓದೋಕೆ ಹೋಗುತ್ತಾರೆ. ತಂದೆ ತಾಯಿ ಒಂದು ಸಲ ಹೋಗುತ್ತಾರೆ, ಲಂಡನ್‌ನಲ್ಲಿ ನಾಲ್ಕು ದಿನ ಓಡಾಡುತ್ತಾರೆ, ಕೈಯಲ್ಲಿದ್ದ ದುಡ್ಡೆಲ್ಲ ಹೋಟೆಲಿಗೆ ಸುರಿದು ವಾಪಸ್ ಬರುತ್ತಾರೆ. ನನಗೆ ಇದು ನೋಡಿದರೆ ಸಂಕಟವಾಗುತ್ತದೆ. ಕೋಟೆ, ದರವಾಜೆ, ಹಳೇ ಗೋರಿಗಳ ನಡುವೆ ಹುಟ್ಟಿ ಬೆಳೆದವರು ನಾವು, ಇಂಥ ಊರು ನೋಡೋ ಕಣ್ಣು ನಮಗೆ ಮೊದಲೇ ಇದೆ. ಹಾಗಾಗಿ ನನ್ನ ಮಾತು ಇಷ್ಟೇ: ಒಂದು ಊರು ಹಿಡಿಯಿರಿ, ಮೂರು ರಾತ್ರಿ ಅಲ್ಲೇ ಇರಿ, ಕಾಲ್ನಡಿಗೆಯಲ್ಲಿ ನೋಡಿ, ದುಡ್ಡು ಕೊಡುವುದು ಒಂದೇ ಒಂದು ಜಾಗಕ್ಕೆ. ಉಳಿದದ್ದೆಲ್ಲ ಅಲ್ಲಿ ಪುಕ್ಕಟೆ ಸಿಗುತ್ತದೆ.

ಹೊರಡುವ ಮೊದಲು

ವೀಸಾಕ್ಕೆ ಏಜೆಂಟರ ಹಿಂದೆ ಹೋಗಬೇಡಿ. ಬ್ರಿಟನ್ ಸರ್ಕಾರದ ವೆಬ್‌ಸೈಟಿನಲ್ಲಿ ನಾವೇ ಅರ್ಜಿ ತುಂಬಬಹುದು. ಬೇಕಾಗಿರುವುದು ಸ್ಟ್ಯಾಂಡರ್ಡ್ ವಿಸಿಟರ್ ವೀಸಾ, ಆರು ತಿಂಗಳದ್ದು. ಹೊರಡೋ ದಿನಕ್ಕೆ ಮೂರು ತಿಂಗಳು ಮುಂಚೆ ಅರ್ಜಿ ಹಾಕಬಹುದು. ಬೆರಳಚ್ಚು, ಫೋಟೋ ಕೊಡೋಕೆ ನಾವು ಹೈದರಾಬಾದಿಗೆ ಹೋಗಿದ್ದೆವು. ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ಬೀದರ್‌ಗೆ ವಾಪಸ್ ಬರಬಹುದು, ಬೆಂಗಳೂರಿನ ತನಕ ಹೋಗೋ ಕೆಲಸವೇ ಇಲ್ಲ. ಆರು ತಿಂಗಳ ಬ್ಯಾಂಕ್ ಲೆಕ್ಕ, ಹೊಲ ಮನೆಯ ಕಾಗದ, ಸಂಬಳದ ಚೀಟಿ, ರಜೆ ಮಂಜೂರಾದ ಪತ್ರ, ಇಷ್ಟು ಇಟ್ಟುಕೊಳ್ಳಿ. ಸರ್ಕಾರಿ ನೌಕರರಾದರೆ ವಿದೇಶಕ್ಕೆ ಹೋಗಲು ಇಲಾಖೆಯ ಅನುಮತಿ ಪತ್ರವನ್ನು ಎಲ್ಲಕ್ಕಿಂತ ಮೊದಲು ತೆಗೆದುಕೊಳ್ಳಿ, ಅದಕ್ಕೇ ಜಾಸ್ತಿ ದಿನ ಹಿಡಿಯುತ್ತದೆ. ವೀಸಾ ಬರೋ ಮುಂಚೆ ಅರ್ಜೆಂಟ್ ಮಾಡಿ ವಿಮಾನದ ಟಿಕೆಟ್ ತೆಗೆದು ಆಮೇಲೆ ಪೇಚಾಡಿದವರು ನಮ್ಮ ಓಣಿಯಲ್ಲೇ ಇದ್ದಾರೆ.

ವಿಮಾನ ಹುಡುಕುವಾಗ ಎಲ್ಲರೂ ಹೈದರಾಬಾದಿನಿಂದ ಲಂಡನ್‌ಗೆ ಅಂತ ಒತ್ತುತ್ತಾರೆ. ಹೈದರಾಬಾದಿನಿಂದ ಮ್ಯಾಂಚೆಸ್ಟರ್‌ಗೆ ಅಂತ ಒತ್ತಿ ನೋಡಿ. ದುಬೈ ಅಥವಾ ದೋಹಾದಲ್ಲಿ ಒಂದು ಸಲ ಇಳಿದು ಹತ್ತಬೇಕು, ಅಷ್ಟೇ. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಒಳಗೇ ರೈಲು ನಿಲ್ದಾಣ ಇದೆ, ಅಲ್ಲಿಂದ ಯಾರ್ಕ್‌ಗೆ ನೇರ ರೈಲು, ಹೆಚ್ಚುಕಡಿಮೆ ಎರಡು ಗಂಟೆ ದಾರಿ. ಲಂಡನ್‌ನಲ್ಲಿ ಇಳಿದರೆ ವಿಮಾನ ನಿಲ್ದಾಣದಿಂದ ಊರೊಳಗೆ ಒಂದು ಟಿಕೆಟ್, ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಯಾರ್ಕ್‌ಗೆ ಇನ್ನೊಂದು ಟಿಕೆಟ್, ನಡುವೆ ಒಂದು ರಾತ್ರಿ ತಂಗಿದರೆ ಅದರ ಬಾಡಿಗೆ. ಇದನ್ನೆಲ್ಲ ಕೂಡಿಸಿ ನೋಡಿ, ಆಮೇಲೆ ಯಾವುದು ಅಗ್ಗ ಅಂತ ತೀರ್ಮಾನ ಮಾಡಿ.

ಅಲ್ಲಿನ ರೈಲು ಟಿಕೆಟ್ ನಮ್ಮ ಹಾಗಲ್ಲ. ನಮ್ಮಲ್ಲಿ ಸ್ಲೀಪರ್ ದರ ಅಂದರೆ ಇವತ್ತು ತೆಗೆದರೂ ಅಷ್ಟೇ, ಎರಡು ತಿಂಗಳು ಮುಂಚೆ ತೆಗೆದರೂ ಅಷ್ಟೇ. ಅಲ್ಲಿ ಅದೇ ರೈಲಿನ ಅದೇ ಸೀಟಿಗೆ ಒಂದೊಂದು ದಿನ ಒಂದೊಂದು ದರ. ಅಡ್ವಾನ್ಸ್ ಟಿಕೆಟ್ ಅಂತ ಬರುತ್ತದೆ, ಸುಮಾರು ಹನ್ನೆರಡು ವಾರ ಮುಂಚೆ ಬಿಡುತ್ತಾರೆ, ಬಿಟ್ಟ ಹೊಸದರಲ್ಲಿ ತೆಗೆದರೆ ತುಂಬ ಅಗ್ಗ. ಆದರೆ ಆ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ನಿಮ್ಮ ತಪ್ಪಿನಿಂದ ರೈಲು ತಪ್ಪಿತೋ, ದುಡ್ಡು ಹೋಯಿತು. ಅದಕ್ಕೆ ವಿಮಾನ ಇಳಿಯೋ ದಿನ ಅಡ್ವಾನ್ಸ್ ಟಿಕೆಟ್ ತೆಗೆಯುವುದಾದರೆ ಮೂರು ಗಂಟೆಯಾದರೂ ಅಂತರ ಬಿಡಿ. ಪಾಸ್‌ಪೋರ್ಟ್ ಸಾಲು ಎಷ್ಟು ಉದ್ದ ಇರುತ್ತದೋ ಯಾರಿಗೂ ಹೇಳೋಕೆ ಆಗಲ್ಲ.

ಇನ್ನೊಂದು, ರೈಲ್‌ಕಾರ್ಡ್. ಇಬ್ಬರೇ ಜೊತೆಯಾಗಿ ಓಡಾಡುವವರಿಗೆ ಟೂ ಟುಗೆದರ್ ಅನ್ನೋ ಕಾರ್ಡ್ ಇದೆ. ವರ್ಷಕ್ಕೆ 35 ಪೌಂಡ್, ಎರಡೂ ಜನರ ಫೋಟೋ ಹಾಕುತ್ತಾರೆ, ಪ್ರತಿ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆ. ಆ ದೇಶದವರೇ ಆಗಬೇಕು ಅಂತ ಏನಿಲ್ಲ. ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 9.30ರ ಒಳಗಿನ ರೈಲಿಗೆ ನಡೆಯಲ್ಲ, ನೆನಪಿಡಿ. ಲೆಕ್ಕ ಹಾಕಿದರೆ, ಇಬ್ಬರದೂ ಸೇರಿ ಒಟ್ಟು 105 ಪೌಂಡ್‌ಗಿಂತ ಜಾಸ್ತಿ ರೈಲು ಖರ್ಚು ಇದ್ದರೆ ಮಾತ್ರ ಈ ಕಾರ್ಡ್ ಲಾಭ. ಬರೀ ಯಾರ್ಕ್‌ಗೆ ಹೋಗಿ ಬರುವುದಾದರೆ ಬೇಡ, ಸುಮ್ನೆ ದಂಡ. ಅರವತ್ತು ದಾಟಿದವರಿಗೆ ಬೇರೆ ಸೀನಿಯರ್ ಕಾರ್ಡ್ ಇದೆ.

ಯಾವಾಗ ಹೋಗಬೇಕು ಅಂದರೆ, ಮೇ ತಿಂಗಳಿಗೆ ನನ್ನ ಓಟು. ಬೀದರ್ ಬಿಸಿಲಿಗೆ ಕಾಯುತ್ತಿರುವಾಗ ಅಲ್ಲಿ ಒಂದು ಸ್ವೆಟರ್ ಹಾಕಿಕೊಂಡರೆ ಸಾಕು, ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ದಿನವೇ ಅರ್ಧ ಆಯಿತು. ವಾರದ ದಿನ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ. ಶುಕ್ರವಾರ, ಶನಿವಾರ ರಾತ್ರಿಯ ಕೋಣೆ ಬಾಡಿಗೆಗೂ ಭಾನುವಾರದಿಂದ ಬುಧವಾರದ ತನಕದ ಬಾಡಿಗೆಗೂ ಬಹಳ ವ್ಯತ್ಯಾಸ. ಯಾರ್ಕ್‌ನಲ್ಲಿ ಕುದುರೆ ರೇಸ್ ನಡೆಯುತ್ತದೆ, ಆಗಸ್ಟಿನಲ್ಲಿ ದೊಡ್ಡದು. ಆ ದಿನಗಳಲ್ಲಿ ಕೋಣೆ ಸಿಕ್ಕರೂ ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ರೇಸಿನ ದಿನಾಂಕ ಮೊದಲೇ ನೋಡಿ, ಆಮೇಲೆ ರಜೆ ಹಾಕಿ.

ಇರುವುದು, ಉಣ್ಣುವುದು

ಹಾಸ್ಟೆಲ್ ಅಂದ ಕೂಡಲೇ ಓದೋ ಹುಡುಗರ ಜಾಗ ಅಂದುಕೊಳ್ಳಬೇಡಿ. ಅಲ್ಲಿ ಎಲ್ಲ ವಯಸ್ಸಿನವರೂ ಇಳಿಯುತ್ತಾರೆ, ಗಂಡ ಹೆಂಡತಿಗೆ ಬೇರೆ ಕೋಣೆಯೂ ಸಿಗುತ್ತದೆ. ವೈಎಚ್‌ಎ ಅನ್ನೋ ಸಂಸ್ಥೆಯ ಹಾಸ್ಟೆಲ್ ಯಾರ್ಕ್‌ನಲ್ಲೂ ಇದೆ, ಊರಿನಿಂದ ಸ್ವಲ್ಪ ಹೊರಗೆ, ಊಸ್ ನದಿಯ ದಂಡೆ ಹಿಡಿದು ನಡೆದುಕೊಂಡು ಬರಬಹುದು. ಎಲ್ಲಿ ಇಳಿದರೂ ಒಂದೇ ಪ್ರಶ್ನೆ ಕೇಳಿ: ನಾವೇ ಅಡುಗೆ ಮಾಡಿಕೊಳ್ಳಲು ಅಡುಗೆಮನೆ ಇದೆಯಾ? ಅದು ಇದ್ದರೆ ನಿಮ್ಮ ಖರ್ಚು ಅರ್ಧಕ್ಕೆ ಇಳಿಯಿತು ಅಂತಲೇ ಲೆಕ್ಕ. ಬೆಳಿಗ್ಗೆಯೇ ತಲುಪಿದರೆ ಬ್ಯಾಗು ಅಲ್ಲೇ ಇಟ್ಟು ಊರು ಸುತ್ತಲು ಹೋಗಬಹುದು, ಕೋಣೆ ಮಧ್ಯಾಹ್ನದ ಮೇಲೆ ಕೊಡುತ್ತಾರೆ.

ನಾನು ಮೂವತ್ತು ಖಡಕ್ ರೊಟ್ಟಿ ಒಯ್ದಿದ್ದೆ. ಸ್ಟೀಲ್ ಡಬ್ಬಿಯ ತಳಕ್ಕೆ ಹತ್ತಿ ಬಟ್ಟೆ ಹಾಸಿ, ರೊಟ್ಟಿ ಜೋಡಿಸಿ, ಮೇಲೆ ಮತ್ತೊಂದು ಬಟ್ಟೆ ಬಿಗಿಯಾಗಿ ತುರುಕಿದೆ, ಅಲುಗಾಡಬಾರದು ಅಂತ. ಮೂರು ಮಾತ್ರ ಮುರಿದಿದ್ದವು. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಪೊಟ್ಟಣ ಅವಲಕ್ಕಿ. ಇಂಥ ಒಣ ಪದಾರ್ಥಕ್ಕೆ ತೊಂದರೆ ಆಗಲಿಲ್ಲ. ಆದರೆ ತುಪ್ಪ, ಪೇಡಾ, ಖೋವಾ, ಯಾವ ಹಾಲಿನ ಪದಾರ್ಥವನ್ನೂ ಬ್ರಿಟನ್ನಿಗೆ ಒಯ್ಯುವಂತಿಲ್ಲ. ಮಾಂಸದ್ದೂ ಅಷ್ಟೇ. ಹಸಿ ಕರಿಬೇವು, ತರಕಾರಿಯೂ ಬೇಡ. ಮಗಳಿಗೆ ಅಂತ ಮನೆಯ ತುಪ್ಪ ಕಟ್ಟಿಡಲು ಕೈ ಹೋಗುತ್ತದೆ, ನನಗೂ ಹೋಗಿತ್ತು, ಬಿಟ್ಟುಬಿಡಿ.

ಮೊಸರು, ಈರುಳ್ಳಿ, ಸೌತೆಕಾಯಿ, ಹಾಲು, ಬ್ರೆಡ್ಡು ಅಲ್ಲಿನ ಸೂಪರ್‌ಮಾರ್ಕೆಟಿನಲ್ಲಿ ಅಗ್ಗ. ಸಾಯಂಕಾಲದ ಹೊತ್ತಿಗೆ ಅವತ್ತೇ ಖಾಲಿ ಆಗಬೇಕಾದ ಸಾಮಾನಿಗೆ ಹಳದಿ ಚೀಟಿ ಅಂಟಿಸಿ ದರ ಇಳಿಸುತ್ತಾರೆ, ಅದನ್ನು ನೋಡಿಕೊಳ್ಳಿ. ಮಧ್ಯಾಹ್ನಕ್ಕೆ ಮೀಲ್ ಡೀಲ್ ಅಂತ ಸಿಗುತ್ತದೆ, ಒಂದು ಸ್ಯಾಂಡ್‌ವಿಚ್, ಒಂದು ತಿನಿಸು, ಒಂದು ಪಾನೀಯ ಸೇರಿ ಒಂದೇ ದರ, ಹೋಟೆಲಿನಲ್ಲಿ ಕೂತು ತಿನ್ನುವುದಕ್ಕಿಂತ ಎಷ್ಟೋ ಕಡಿಮೆ. ನಲ್ಲಿ ನೀರು ಕುಡಿಯಬಹುದು, ಬಾಟಲಿ ನೀರಿಗೆ ದುಡ್ಡು ಹಾಕಬೇಡಿ.

ಸಸ್ಯಾಹಾರಿಗಳಿಗೆ ಇದನ್ನು ಒತ್ತಿ ಹೇಳುತ್ತೇನೆ. ಮೊದಲ ದಿನ ಸಂಜೆ ಹಸಿವಾಗಿ ಒಂದು ಅಂಗಡಿಯಲ್ಲಿ ಬಿಸಿ ಬಿಸಿ ಚಿಪ್ಸ್ ತೆಗೆದುಕೊಂಡೆವು, ನಮ್ಮ ಫಿಂಗರ್ ಚಿಪ್ಸ್ ಹಾಗೇ, ಆದರೆ ದಪ್ಪ. ಪೊಟ್ಟಣ ಕೈಗೆ ಬಂದ ಮೇಲೆ ಮಗಳು ಗೋಡೆಯ ಮೇಲಿದ್ದ ಬರಹ ಓದಿ, "ಅವ್ವಾ, ತಿನ್ನಬ್ಯಾಡ, ಇದು ದನದ ಕೊಬ್ಬಿನ್ಯಾಗ ಕರದದ್ದು" ಅಂದಳು. ಯಾರ್ಕ್‌ಷೈರ್ ಸೀಮೆಯಲ್ಲಿ ಇದು ಹಳೇ ಪದ್ಧತಿಯಂತೆ, ಮೀನು ಮತ್ತು ಆಲೂಗಡ್ಡೆ ಎರಡನ್ನೂ ದನದ ಕೊಬ್ಬಿನಲ್ಲೇ ಕರಿಯುವ ಅಂಗಡಿಗಳು ಇವತ್ತಿಗೂ ಬಹಳ ಇವೆ. ಅವರೇನೂ ಮುಚ್ಚಿಡಲ್ಲ, ಬರೆದೇ ಹಾಕಿರುತ್ತಾರೆ, ನಾವು ಆಲೂಗಡ್ಡೆ ಅಲ್ವಾ ಅಂತ ಓದದೇ ಕೊಂಡಿದ್ದೆವು. ಕೊಳ್ಳುವ ಮುಂಚೆ ಯಾವ ಎಣ್ಣೆ ಅಂತ ಕೇಳಿ. ಕೆಲವು ಮೊಸರು ಮತ್ತು ಸಿಹಿಗಳಲ್ಲಿ ಜೆಲಟಿನ್ ಹಾಕಿರುತ್ತಾರೆ, ಅದೂ ಪ್ರಾಣಿಯದೇ. ಡಬ್ಬಿಯ ಮೇಲೆ ವೆಜಿಟೇರಿಯನ್ ಅಂತ ಬರೆದಿದ್ದರೆ ಮಾತ್ರ ತೆಗೆದುಕೊಳ್ಳಿ.

ದುಡ್ಡು ನೋಟಿನಲ್ಲಿ ಜಾಸ್ತಿ ಒಯ್ಯಬೇಡಿ, ಎಲ್ಲ ಕಡೆ ಕಾರ್ಡು ಮುಟ್ಟಿಸಿದರೆ ಸಾಕು. ಮೊದಲೇ ಪೌಂಡ್ ತುಂಬಿಸಿಕೊಳ್ಳೋ ಫಾರೆಕ್ಸ್ ಕಾರ್ಡ್ ಮಾಡಿಸಿಕೊಳ್ಳಿ. ಅಲ್ಲಿನ ಪ್ಲಗ್ಗಿಗೆ ಚೌಕಾಕಾರದ ಮೂರು ಕಾಲು, ಅಡಾಪ್ಟರ್ ಇಲ್ಲಿಂದಲೇ ಒಯ್ಯಿರಿ.

ಊರ ಗೋಡೆ

ಯಾರ್ಕ್ ನಿಲ್ದಾಣದಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ಊರ ಗೋಡೆ. ಟ್ಯಾಕ್ಸಿ ಬೇಡವೇ ಬೇಡ. ಗೋಡೆ ದಾಟಿ ಲೆಂಡಲ್ ಸೇತುವೆಯ ಮೇಲೆ ಬಂದರೆ ಮಿನ್‌ಸ್ಟರ್‌ನ ಗೋಪುರಗಳು ಕಾಣುತ್ತವೆ, ಹದಿನೈದು ನಿಮಿಷದಲ್ಲಿ ಅದರ ಬಾಗಿಲಲ್ಲಿ ಇರುತ್ತೀರಿ. ಚಕ್ರದ ಸೂಟ್‌ಕೇಸ್ ಕಲ್ಲುಹಾಸಿನ ಮೇಲೆ ಗಡಗಡ ಅನ್ನುತ್ತದೆ, ಚಿಕ್ಕ ಬ್ಯಾಗು ಒಯ್ದರೆ ಒಳ್ಳೆಯದು.

ಆ ಊರ ಗೋಡೆ ಸುಮಾರು 3.4 ಕಿಲೋಮೀಟರ್ ಉಳಿದಿದೆ, ಮೇಲೆ ಹತ್ತಿ ನಡೆಯಬಹುದು, ಒಂದು ಪೈಸೆ ಕೊಡಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಕತ್ತಲಾಗುವ ತನಕ. ಹೆಸರುಗಳಲ್ಲಿ ಮಾತ್ರ ಗೊಂದಲ ಆಗುತ್ತದೆ. ನಮ್ಮ ಫತೇ ದರವಾಜಾ, ಶಾಹಗಂಜ್ ದರವಾಜಾ, ಮಂಗಲಪೇಟ್ ದರವಾಜಾ ಇದ್ದ ಹಾಗೆ ಅಲ್ಲೂ ನಾಲ್ಕು ದೊಡ್ಡ ದರವಾಜೆ ಇವೆ, ಆದರೆ ಅವಕ್ಕೆ ಬಾರ್ ಅನ್ನುತ್ತಾರೆ: ಬೂಥಮ್ ಬಾರ್, ಮಂಕ್ ಬಾರ್, ವಾಮ್‌ಗೇಟ್ ಬಾರ್, ಮಿಕಲ್‌ಗೇಟ್ ಬಾರ್. ಗೇಟ್ ಅಂದರೆ ಅಲ್ಲಿ ಬಾಗಿಲಲ್ಲ, ಬೀದಿ. 866ರಲ್ಲಿ ಸ್ಕ್ಯಾಂಡಿನೇವಿಯಾದ ವೈಕಿಂಗರು ಬಂದು ಊರು ಹಿಡಿದರು, ಅವರ ಭಾಷೆಯಲ್ಲಿ ಬೀದಿಗೆ ಗಾಟಾ ಅನ್ನುತ್ತಿದ್ದರು, ಆ ಮಾತು ಬೀದಿಗಳ ಹೆಸರಿನಲ್ಲಿ ಹಾಗೇ ನಿಂತಿದೆ. ಹಳೇ ಮಾತು ಹೀಗೆ ಕಲ್ಲಿನ ಸಂದಿಯಲ್ಲಿ ಉಳಿದುಕೊಂಡದ್ದು ನೋಡಿದರೆ ನನಗಂತೂ ಬಹಳ ಖುಷಿ. ನಮ್ಮ ಊರಿನ ದರವಾಜೆ, ಗಂಜ್, ಚೌಬಾರಾ ಅನ್ನೋ ಹೆಸರುಗಳಲ್ಲೂ ಎಷ್ಟು ಭಾಷೆ ಕೂಡಿವೆ ಅಲ್ವಾ.

ಪೂರ್ತಿ ಗೋಡೆ ಸುತ್ತಲು ಎರಡು ಗಂಟೆ ಬೇಕು. ಅಷ್ಟು ಆಗದಿದ್ದರೆ ಬೂಥಮ್ ಬಾರ್‌ನಿಂದ ಮಂಕ್ ಬಾರ್ ತನಕದ ತುಂಡು ಒಂದನ್ನಾದರೂ ನಡೆಯಿರಿ. ಒಂದು ಬದಿಗೆ ಮರ, ತೋಟ, ಅದರಾಚೆ ಮಿನ್‌ಸ್ಟರ್‌ನ ಇಡೀ ಮೈ ಕಾಣುತ್ತದೆ. ವಾಮ್‌ಗೇಟ್ ಬಾರ್‌ನ ಮುಂದೆ ಇನ್ನೊಂದು ಕಲ್ಲಿನ ಮುಂಗಟ್ಟು ಇದೆ, ವೈರಿಗಳು ಒಳನುಗ್ಗಿದರೆ ಎರಡು ಬಾಗಿಲ ನಡುವೆ ಸಿಕ್ಕಿಸಿ ಹೊಡೆಯಲು. ಇಂಗ್ಲೆಂಡಿನ ಊರ ಬಾಗಿಲುಗಳಲ್ಲಿ ಇಂಥದ್ದು ಉಳಿದಿರುವುದು ಇದೊಂದೇ. ಬೀದರ್ ಕೋಟೆಯ ಒಂದರ ಹಿಂದೆ ಒಂದು ಬಾಗಿಲು ದಾಟಿ ಬಂದವರಿಗೆ ಇದರ ಯುಕ್ತಿ ಯಾರೂ ವಿವರಿಸಬೇಕಾಗಿಲ್ಲ. ಒಂದು ಎಚ್ಚರಿಕೆ: ಗೋಡೆಯ ಒಳಬದಿಗೆ ಕೆಲವು ಕಡೆ ಕಂಬಿ ಇಲ್ಲ. ಸಣ್ಣ ಮಕ್ಕಳ ಕೈ ಹಿಡಿದುಕೊಳ್ಳಿ. ಮಂಡಿ ನೋವಿದ್ದವರಿಗೆ ಮೆಟ್ಟಿಲು ಕಷ್ಟ.

ನಮ್ಮ ಲೆಕ್ಕಾಚಾರ ಹೀಗಿತ್ತು. ಅಲ್ಲಿ ಅಂಗಡಿ, ಮ್ಯೂಸಿಯಂ ಎಲ್ಲ ಸಂಜೆ ಐದಕ್ಕೆ ಮುಚ್ಚುತ್ತವೆ. ಬೆಳಕು ಮಾತ್ರ ಇನ್ನೂ ನಾಲ್ಕು ತಾಸು ಇರುತ್ತದೆ. ಅದಕ್ಕೆ ಹಗಲು ಒಳಗಿನ ಜಾಗಗಳನ್ನು ನೋಡುವುದು, ಸಂಜೆ ಗೋಡೆ ಹತ್ತುವುದು. ಆ ಹೊತ್ತಿಗೆ ಜನವೂ ಕಡಿಮೆ.

ಊರಿನ ಕತೆ ಕೇಳಬೇಕು ಅಂದರೆ ದುಡ್ಡು ಕೊಟ್ಟು ಗೈಡ್ ಹಿಡಿಯಬೇಡಿ. ಊರಿನವರೇ ಸೇರಿ 1951ರಿಂದ ಒಂದು ಸ್ವಯಂಸೇವಕ ಗೈಡ್‌ಗಳ ಸಂಘ ನಡೆಸುತ್ತಿದ್ದಾರೆ. ಎಕ್ಸಿಬಿಷನ್ ಸ್ಕ್ವೇರ್‌ನಲ್ಲಿ, ಆರ್ಟ್ ಗ್ಯಾಲರಿಯ ಮುಂದೆ, ಬೆಳಿಗ್ಗೆ 10.15ಕ್ಕೆ ಹೊರಡುತ್ತಾರೆ, ಎರಡು ತಾಸು ಸುತ್ತಿಸುತ್ತಾರೆ. ಪುಕ್ಕಟೆ. ಕೊನೆಗೆ ನಮ್ಮ ಮನೆಯವರು ಐದು ಪೌಂಡ್ ಕೊಡಲು ಹೋದರೆ ಆ ಹಿರಿಯರು ಕೈ ಮುಟ್ಟಲೇ ಇಲ್ಲ, ಟಿಪ್ಸ್ ತೆಗೆದುಕೊಳ್ಳಬಾರದು ಅನ್ನುವುದು ಅವರ ಸಂಘದ ನಿಯಮ. ಇಂಥ ಒಂದು ಸಂಘ ನಮ್ಮ ಬೀದರ್‌ನಲ್ಲೂ ಆಗಬೇಕು, ನಿವೃತ್ತ ಮೇಷ್ಟ್ರುಗಳು ಮನಸ್ಸು ಮಾಡಿದರೆ ನಾಳೆಯೇ ಆಗುತ್ತದೆ.

ಮ್ಯೂಸಿಯಂ ಗಾರ್ಡನ್ಸ್ ಅನ್ನೋ ತೋಟಕ್ಕೂ ಟಿಕೆಟ್ ಇಲ್ಲ. ರೋಮನ್ನರ ಕಾಲದ ಬುರುಜು ಒಂದು ಮೂಲೆಯಲ್ಲಿ, ಪಾಳುಬಿದ್ದ ಸೇಂಟ್ ಮೇರಿ ಮಠದ ಕಮಾನುಗಳು ಇನ್ನೊಂದು ಕಡೆ. ಹುಲ್ಲಿನ ಮೇಲೆ ಟವೆಲ್ ಹಾಸಿ ಡಬ್ಬಿ ಬಿಚ್ಚಿದೆವು. ರೊಟ್ಟಿ ಮುರಿದ ಪಟ್ ಸದ್ದಿಗೆ ಒಂದು ಅಳಿಲು ತಲೆ ಎತ್ತಿ ನೋಡಿತು, ನಮ್ಮ ಅಳಿಲಿನ ಎರಡರಷ್ಟು ದೊಡ್ಡದು, ಬೂದು ಬಣ್ಣ, ಬೆನ್ನ ಮೇಲೆ ಪಟ್ಟೆ ಇಲ್ಲ. ಹಿಂಡಿಗೆ ಮೊಸರು ಕಲಸಿ ರೊಟ್ಟಿ ಅದ್ದಿ ತಿಂದೆವು. ಇಡೀ ಪ್ರವಾಸದಲ್ಲಿ ಅದಕ್ಕಿಂತ ರುಚಿಯ ಊಟ ಆಗಲಿಲ್ಲ.

ಶ್ಯಾಂಬಲ್ಸ್ ಅನ್ನೋ ಬೀದಿ ಎಲ್ಲರೂ ಫೋಟೋ ತೆಗೆಯುವ ಜಾಗ. ಮೊದಲು ಕಟುಕರ ಬೀದಿ, ಮಾಂಸ ತೂಗುಹಾಕುತ್ತಿದ್ದ ಕೊಕ್ಕೆಗಳು ಕೆಲವು ಅಂಗಡಿಗಳ ಮುಂದೆ ಇನ್ನೂ ಇವೆ. ಮರದ ಚೌಕಟ್ಟಿನ ಮನೆಗಳು ಎರಡೂ ಬದಿಯಿಂದ ಬೀದಿಯ ಮೇಲೆ ಬಾಗಿ ನಿಂತಿವೆ. ಹತ್ತು ನಿಮಿಷ ಸಾಕು, ಬೆಳಿಗ್ಗೆ ಎಂಟರೊಳಗೆ ಹೋಗಿ, ಆಮೇಲೆ ಕಾಲಿಡಲು ಜಾಗ ಇರಲ್ಲ. ಅದಕ್ಕಿಂತ ಗುಡ್‌ರಮ್‌ಗೇಟ್ ಬೀದಿಯಲ್ಲಿ ಹೋಲಿ ಟ್ರಿನಿಟಿ ಅನ್ನೋ ಪುಟ್ಟ ಚರ್ಚನ್ನು ಹುಡುಕಿ. ಒಳಗೆ ಪೆಟ್ಟಿಗೆಯ ಹಾಗೆ ಬಾಗಿಲಿರುವ ಮರದ ಆಸನಗಳು, ನೆಲ ಏರುಪೇರು, ಒಬ್ಬರೂ ಇಲ್ಲ. ಟಿಕೆಟ್ಟೂ ಇಲ್ಲ. ಜಾರ್ವಿಕ್ ಅನ್ನೋ ವೈಕಿಂಗ್ ಪ್ರದರ್ಶನಕ್ಕೆ ದೊಡ್ಡ ಟಿಕೆಟ್, ನಾವು ಬಿಟ್ಟೆವು.

ಕ್ಲಿಫರ್ಡ್ಸ್ ಟವರ್ ಅನ್ನೋ ದಿಬ್ಬದ ಮೇಲಿನ ಬುರುಜಿನ ಒಳಗೆ ಹೋಗಲೂ ದುಡ್ಡು. ಆದರೆ ದಿಬ್ಬದ ಕೆಳಗೆ ಒಂದು ನಿಮಿಷ ನಿಲ್ಲಿ. 1190ರಲ್ಲಿ ಊರಿನ ಯಹೂದಿಗಳು ಜೀವ ಉಳಿಸಿಕೊಳ್ಳಲು ಅಲ್ಲಿದ್ದ ಮರದ ಕೋಟೆಯೊಳಗೆ ಸೇರಿಕೊಂಡಿದ್ದರು, ಹೊರಗೆ ಜನ ಮುತ್ತಿದ್ದರು, ಒಳಗಿದ್ದವರಲ್ಲಿ ಯಾರೂ ಬದುಕಲಿಲ್ಲ. ಅದರ ನೆನಪಿಗೆ ಒಂದು ಫಲಕ ಇದೆ.

ಮಿನ್‌ಸ್ಟರ್‌ಗೆ ಮಾತ್ರ ದುಡ್ಡು ಕೊಡಿ

ದೊಡ್ಡವರಿಗೆ ಟಿಕೆಟ್ 20 ಪೌಂಡ್ ಆಸುಪಾಸು. ಪೌಂಡಿಗೆ 115 ರೂಪಾಯಿ ಹಿಡಿದರೂ ಇಬ್ಬರಿಗೆ ನಾಲ್ಕೂವರೆ ಸಾವಿರ ದಾಟುತ್ತದೆ. ಹೌದು, ಜಾಸ್ತಿಯೇ. ಆದರೂ ಕೊಡಿ, ಬೆಳಿಗ್ಗೆ ಬಾಗಿಲು ತೆಗೆಯುವಾಗಲೇ ಹೋಗಿ, ಅರ್ಧ ದಿನ ಒಳಗೇ ಇರಿ. ಒಳಗಿನ ಗೈಡ್ ಸುತ್ತಾಟ ಅದೇ ಟಿಕೆಟ್‌ನಲ್ಲಿ ಬರುತ್ತದೆ. ಗೋಪುರ ಹತ್ತಲು ಬೇರೆ ದುಡ್ಡು, 275 ಮೆಟ್ಟಿಲು, ಅದು ಬೇಕಾಗಿಲ್ಲ.

ಒಂದು ಸಣ್ಣ ದುರ್ಬೀನು ಒಯ್ಯಿರಿ. ಇದು ನನ್ನ ಎಲ್ಲ ಸಲಹೆಗಳಲ್ಲಿ ಮುಖ್ಯವಾದದ್ದು. ಪೂರ್ವದ ಗೋಡೆ ತುಂಬ ಒಂದೇ ಕಿಟಕಿ, ಟೆನಿಸ್ ಅಂಕಣದಷ್ಟು ಗಾತ್ರದ್ದು, ಬಣ್ಣದ ಗಾಜಿನ ಮುನ್ನೂರಕ್ಕೂ ಹೆಚ್ಚು ಚಿತ್ರಗಳು. ಜಾನ್ ಥಾರ್ಟನ್ ಅನ್ನೋ ಕುಶಲಿ 1405ರಲ್ಲಿ ಶುರುಮಾಡಿ 1408ರಲ್ಲಿ ಮುಗಿಸಿದ, ಅವನಿಗೆ ಕೊಟ್ಟ ಒಟ್ಟು ಕೂಲಿ 56 ಪೌಂಡ್. ಲೋಕ ಹುಟ್ಟಿದ್ದರಿಂದ ಹಿಡಿದು ಪ್ರಳಯದ ತನಕ ಕತೆ ಇದೆ. ಕೆಳಗೆ ನಿಂತು ಬರಿಗಣ್ಣಿಂದ ನೋಡಿದರೆ ಬಣ್ಣ ಮಾತ್ರ ಕಾಣುತ್ತದೆ. ದುರ್ಬೀನು ಹಿಡಿದರೆ ಮುಖಗಳು, ಗಡ್ಡದ ಎಳೆಗಳು ಕಾಣುತ್ತವೆ, ಇಷ್ಟು ಎತ್ತರದಲ್ಲಿ ಯಾರು ನೋಡುತ್ತಾರೆ ಅಂತ ಅವನು ಕೆಲಸ ಬಿಟ್ಟಿಲ್ಲ. ನನಗೆ ನಮ್ಮ ಮದರಸಾದ ಗೋಡೆಯ ಮೇಲೆ ಉಳಿದಿರುವ ನೀಲಿ ಹೆಂಚಿನ ತುಣುಕುಗಳು ನೆನಪಾದವು. ಹದಿನೇಳನೇ ಶತಮಾನದ ಕೊನೆಯಲ್ಲಿ ಒಳಗಿಟ್ಟಿದ್ದ ಸಿಡಿಮದ್ದು ಸಿಡಿದು ಅರ್ಧ ಕಟ್ಟಡವೇ ಹೋಯಿತು, ಹೆಂಚು ಹೋಯಿತು, ಒಂದು ಮಿನಾರು ಉಳಿಯಿತು. ಇವರ ಗಾಜು ಬಹುಪಾಲು ಉಳಿದಿದೆ. ಎರಡೂ ಒಂದೇ ಶತಮಾನದ ಕೈಗಳ ಕೆಲಸ.

ಹಾಗಂತ ಮಿನ್‌ಸ್ಟರ್‌ಗೂ ಬೆಂಕಿ ತಪ್ಪಿಲ್ಲ. 1984ರ ಜುಲೈ 9ರ ನಸುಕಿನಲ್ಲಿ ದಕ್ಷಿಣದ ಭಾಗ ಹೊತ್ತಿಕೊಂಡಿತು, ಸಿಡಿಲು ಬಡಿದಿರಬೇಕು ಅನ್ನುತ್ತಾರೆ. ಉಳಿದ ಚರ್ಚು ಉಳಿಸಲು ಅಗ್ನಿಶಾಮಕದವರು ನೀರು ಹೊಡೆದು ಆ ಭಾಗದ ಚಾವಣಿಯನ್ನು ತಾವೇ ಕೆಡವಿದರು. ಅಲ್ಲಿನ ಗುಲಾಬಿ ಆಕಾರದ ಕಿಟಕಿ ಸುಮಾರು 40,000 ಕಡೆ ಬಿರುಕು ಬಿಟ್ಟಿತು, ಆದರೆ ಬೀಳಲಿಲ್ಲ. 1988ಕ್ಕೆ ಚಾವಣಿ ಮತ್ತೆ ಸಿದ್ಧ. ಅದರಲ್ಲಿ ಮರದ ಆರು ಕೆತ್ತನೆಗಳನ್ನು ಟಿವಿಯವರು ಮಕ್ಕಳಿಗೆ ಇಟ್ಟ ಸ್ಪರ್ಧೆಯಿಂದ ಆರಿಸಿದರು. ದುರ್ಬೀನಿನಲ್ಲಿ ಹುಡುಕಿ, ಚಂದ್ರನ ಮೇಲೆ ಕಾಲಿಟ್ಟ ಮನುಷ್ಯ ಸಿಗುತ್ತಾನೆ. ನಾನು ಶಾಲೆಯವಳು, ಅಷ್ಟು ದೊಡ್ಡ ಗುಡಿಯ ಚಾವಣಿಯಲ್ಲಿ ಮಕ್ಕಳ ಕೈಗೆ ಜಾಗ ಕೊಟ್ಟಿದ್ದು ಕಂಡು ಕಣ್ಣು ತುಂಬಿ ಬಂತು.

ನೆಲದಡಿಗೆ ಇಳಿಯುವುದನ್ನು ಮರೆಯಬೇಡಿ. ಗೋಪುರ ಕುಸಿಯುವ ಹಾಗಾಗಿ ಬುನಾದಿ ಅಗೆದಾಗ ಕೆಳಗೆ ರೋಮನ್ ಸೈನ್ಯದ ಕಟ್ಟಡ ಸಿಕ್ಕಿತು. 306ರಲ್ಲಿ ಕಾನ್‌ಸ್ಟಂಟೈನ್‌ನನ್ನು ಚಕ್ರವರ್ತಿ ಅಂತ ಸೈನಿಕರು ಸಾರಿದ್ದು ಇದೇ ಊರಿನಲ್ಲಿ, ಅವನ ಮೂರ್ತಿ ಹೊರಗೆ ಕೂತಿದೆ.

20 ಪೌಂಡ್ ಕೊಡಲು ಆಗಲ್ಲ ಅಂದರೂ ಬೇಸರ ಬೇಡ. ಸಂಜೆ ಇವನ್‌ಸಾಂಗ್ ಅನ್ನೋ ಪ್ರಾರ್ಥನೆ ಇರುತ್ತದೆ, ಸಾಮಾನ್ಯವಾಗಿ 5.30ಕ್ಕೆ, ಭಾನುವಾರ 4ಕ್ಕೆ. ಅದಕ್ಕೆ ಟಿಕೆಟ್ ಇಲ್ಲ, ಯಾವ ಧರ್ಮದವರು ಅಂತ ಯಾರೂ ಕೇಳಲ್ಲ. ಬಾಗಿಲಲ್ಲಿ ಹಾಕಿದ ವೇಳಾಪಟ್ಟಿ ನೋಡಿಕೊಂಡು, ಕಾಲು ಗಂಟೆ ಮುಂಚೆ ಹೋಗಿ ಇವನ್‌ಸಾಂಗ್‌ಗೆ ಬಂದಿದ್ದೇವೆ ಅಂತ ಹೇಳಿ. ಗಾಯಕರು ಕೂರುವ ಕ್ವಾಯರ್‌ನ ಒಳಗೇ ಜಾಗ ಕೊಡುತ್ತಾರೆ. 1829ರಲ್ಲಿ ಒಬ್ಬ ಬೆಂಕಿ ಇಟ್ಟು ಸುಟ್ಟ ಮೇಲೆ ಮತ್ತೆ ಕೆತ್ತಿಸಿದ ಮರದ ಆಸನಗಳು ಅವು. ಫೋನ್ ಬಂದ್ ಮಾಡಿ, ಫೋಟೋ ಬೇಡ, ಮಧ್ಯದಲ್ಲಿ ಎದ್ದು ಓಡಾಡಬೇಡಿ. ಎಲ್ಲರೂ ಎದ್ದಾಗ ಏಳಿ, ಕೂತಾಗ ಕೂರಿ. ಸಣ್ಣ ಮಕ್ಕಳು ಸ್ವರ ಎತ್ತಿದರು, ಆ ಸ್ವರ ಮೇಲೆ ಹೋಗಿ ಕಲ್ಲಿಗೆ ತಾಗಿ, ಅವರು ನಿಲ್ಲಿಸಿದ ಮೇಲೂ ಒಂದೆರಡು ಕ್ಷಣ ಅಲ್ಲೇ ಇತ್ತು. ನಮ್ಮ ಮನೆಯವರು ನನ್ನ ಕಿವಿಯಲ್ಲಿ, "ಮಠದಾಗ ಸಂಜಿ ಭಜನಿ ಕೇಳಿದಂಗೇ ಅದ ನೋಡು" ಅಂದರು. ಮರುದಿನವೂ ಹೋದೆವು. ಆಗಸ್ಟಿನಲ್ಲಿ ಶಾಲೆಗೆ ರಜೆ ಇರುವುದರಿಂದ ಅಲ್ಲಿನ ಮಕ್ಕಳ ಬದಲು ಬೇರೆ ಊರಿನ ತಂಡಗಳು ಹಾಡುವುದುಂಟು.

ರೈಲು ಇಷ್ಟಪಡುವವರಿಗೆ

ನಮ್ಮ ಮನೆಯವರು ಹುಟ್ಟಿದ್ದು ವಾಡಿ ಜಂಕ್ಷನ್‌ನಲ್ಲಿ. ನ್ಯಾಷನಲ್ ರೈಲ್ವೆ ಮ್ಯೂಸಿಯಂನಿಂದ ಅವರನ್ನು ಹೊರಗೆ ಎಳೆದು ತರಲು ನಾಲ್ಕು ತಾಸು ಬೇಕಾಯಿತು. ನಿಲ್ದಾಣದ ಹಿಂಬದಿಗೇ ಇದೆ, ಪ್ರವೇಶ ಉಚಿತ. 1938ರಲ್ಲಿ ಗಂಟೆಗೆ 126 ಮೈಲಿ, ಅಂದರೆ ಸುಮಾರು 203 ಕಿಲೋಮೀಟರ್ ವೇಗದಲ್ಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮಲ್ಲಾರ್ಡ್ ಅಲ್ಲಿದೆ, ನೀಲಿ ಬಣ್ಣದ್ದು, ಪಕ್ಕದಲ್ಲೇ ನಿಂತು ಚಕ್ರ ನೋಡಬಹುದು. ಜಪಾನಿನ ಬುಲೆಟ್ ರೈಲಿನ ಡಬ್ಬಿಯೂ ಇದೆ, ಒಳಗೆ ಹೋಗಿ ಕೂರಬಹುದು. ಮಳೆ ಬಂದ ದಿನಕ್ಕೆ ಇದನ್ನು ಇಟ್ಟುಕೊಳ್ಳಿ. ಸ್ವಚ್ಛ ಶೌಚಾಲಯವೂ ಇಲ್ಲಿ ಪುಕ್ಕಟೆ.

ಒಂದು ದಿನ ಡರಂಗೆ

ಮೂರನೇ ದಿನ ಡರಂ ಅನ್ನೋ ಊರಿಗೆ ಹೋಗಿ. ಯಾರ್ಕ್‌ನಿಂದ ಉತ್ತರಕ್ಕೆ ರೈಲಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಹೋಗುವಾಗ ಬಲಗಡೆ ಕಿಟಕಿಯ ಹತ್ತಿರ ಕೂರಿ. ನಿಲ್ದಾಣ ಬರುವ ಸ್ವಲ್ಪ ಮುಂಚೆ ರೈಲು ಎತ್ತರದ ಕಮಾನು ಸೇತುವೆ ಹತ್ತುತ್ತದೆ, ಕೆಳಗೆ ಊರು, ಎದುರಿಗೆ ಗುಡ್ಡದ ಮೇಲೆ ಕೆಥೀಡ್ರಲ್ ಅನ್ನೋ ದೊಡ್ಡ ಚರ್ಚು, ಪಕ್ಕದಲ್ಲಿ ಕೋಟೆ.

ಡರಂ ಕೆಥೀಡ್ರಲ್‌ಗೆ ಟಿಕೆಟ್ ಇಲ್ಲ. ಪೆಟ್ಟಿಗೆ ಇಟ್ಟಿರುತ್ತಾರೆ, ನಮ್ಮ ಕೈಲಾದಷ್ಟು ಹಾಕುವುದು, ದಯವಿಟ್ಟು ಹಾಕಿ. 1093ರಲ್ಲಿ ಕೆಲಸ ಶುರು, 1133ರ ಹೊತ್ತಿಗೆ ಮುಖ್ಯ ಭಾಗ ಮುಗಿಯಿತು. ಕೆಲಸ ಶುರುವಾದಾಗ ನಮ್ಮ ಬಸವಕಲ್ಯಾಣದಲ್ಲಿ ಆರನೇ ವಿಕ್ರಮಾದಿತ್ಯ ಆಳುತ್ತಿದ್ದ. ಒಳಗಿನ ದುಂಡು ಕಂಬಗಳ ಸುತ್ತಳತೆ 6.6 ಮೀಟರ್, ಎತ್ತರವೂ ಅಷ್ಟೇ, ಮೈಮೇಲೆ ಅಂಕುಡೊಂಕು ಗೆರೆ, ವಜ್ರದಾಕಾರದ ಗೆರೆ ಕೊರೆದಿದ್ದಾರೆ. ಹತ್ತಿರ ಹೋಗಿ ಕೈ ಇಟ್ಟು ನೋಡಿ, ಗೆರೆಯೊಳಗೆ ಇಡೀ ಅಂಗೈ ಕೂರುತ್ತದೆ. ಸೇಂಟ್ ಕತ್‌ಬರ್ಟ್‌ನ ಸಮಾಧಿ ಒಂದು ತುದಿಗೆ, ಇಂಗ್ಲೆಂಡಿನ ಮೊದಲ ಇತಿಹಾಸಕಾರ ಅನ್ನಿಸಿಕೊಂಡ ಬೀಡ್‌ನ ಸಮಾಧಿ ಇನ್ನೊಂದು ತುದಿಗೆ. ನಡುವೆ ಕಲ್ಲಿದ್ದಲು ಗಣಿಯಲ್ಲಿ ಸತ್ತವರಿಗೆ ಒಂದು ಸ್ಮಾರಕ ಇದೆ, ಬೀಡ್‌ನಷ್ಟೇ ಹೊತ್ತು ಅಲ್ಲೂ ನಿಲ್ಲಿ.

ಆಮೇಲೆ ವಿಯರ್ ನದಿಯ ದಂಡೆಗೆ ಇಳಿಯಿರಿ. ನದಿ ಊರನ್ನು ಮೂರು ಬದಿಯಿಂದ ಸುತ್ತಿಕೊಂಡು ಹರಿಯುತ್ತದೆ, ಮರದ ನೆರಳಿನ ಕಾಲುದಾರಿ, ಪ್ರೆಬೆಂಡ್ಸ್ ಸೇತುವೆಯ ಮೇಲಿಂದ ಕೆಥೀಡ್ರಲ್ ಚೆನ್ನಾಗಿ ಕಾಣುತ್ತದೆ. ಊಟದ ಡಬ್ಬಿ ಅಲ್ಲಿ ಬಿಚ್ಚಿ.

ಮೂರು ದಿನಕ್ಕೆ ನಾವು ಕೋಣೆ ಬಾಡಿಗೆ ಬಿಟ್ಟು ಇಬ್ಬರಿಗೆ 120 ಪೌಂಡ್ ಎತ್ತಿಟ್ಟಿದ್ದೆವು: ಮಿನ್‌ಸ್ಟರ್ ಟಿಕೆಟ್, ಡರಂ ರೈಲು, ಊಟ ಎಲ್ಲ ಅದರಲ್ಲೇ. ಏಳು ಪೌಂಡ್ ಉಳಿಯಿತು. ಡರಂನಿಂದ ವಾಪಸ್ ಬರೋ ರೈಲಿಗೆ ಅಡ್ವಾನ್ಸ್ ಟಿಕೆಟ್ ತೆಗೆದಿದ್ದರೆ ಊರಿನಿಂದ ಅರ್ಧ ಗಂಟೆ ಮುಂಚೆ ಹೊರಡಿ. ನಿಲ್ದಾಣ ಗುಡ್ಡದ ಮೇಲಿದೆ. ಬೆಳಿಗ್ಗೆ ಇಳಿದು ಬರುವಾಗ ಹತ್ತು ನಿಮಿಷ ಅನ್ನಿಸುತ್ತದೆ, ಸಂಜೆ ದಣಿದ ಕಾಲಲ್ಲಿ ಅದೇ ದಾರಿ ಹತ್ತಲು ಇಪ್ಪತ್ತು ನಿಮಿಷ ಬೇಕು.